ಮಾಲೆ ತೆಗೆದ ಮಾರನೆಯ ದಿನ



ನವೆಂಬರ್ ಅರ್ಧ ಕಳೆಯಿತು ಅಂದರೆ ನಮ್ಮ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಊರೂರಲ್ಲೂ ಕಪ್ಪು ಪಂಚೆ ಉಟ್ಟು ಕೊರಳಿಗೆ ಮಾಲೆ ಹಾಕಿದ ಗಂಡಸರು ಕಾಣಿಸಿಕೊಳ್ಳುತ್ತಾರೆ. ಶಬರಿಮಲೆಗೆ ಹೊರಟವರು. ದಿನಕ್ಕೆ ಎರಡು ಕಟ್ಟು ಬೀಡಿ ಸೇದುತ್ತಿದ್ದವನು ಅವತ್ತಿನಿಂದ ಬೀಡಿ ಮುಟ್ಟುವುದಿಲ್ಲ. ಸಂಜೆಯಾದರೆ ಬಾರಿನ ಕಡೆ ಹೆಜ್ಜೆ ಹಾಕುತ್ತಿದ್ದವನು ಆ ಬೀದಿಯನ್ನೇ ಬಿಡುತ್ತಾನೆ. ಬಾಡೂಟವಿಲ್ಲದೆ ಭಾನುವಾರ ಕಳೆಯದವನು ಅನ್ನ, ಸಾರು, ಮಜ್ಜಿಗೆಯಲ್ಲಿ ನೆಮ್ಮದಿಯಾಗಿರುತ್ತಾನೆ. ನಸುಕಿಗೇ ಎದ್ದು ತಣ್ಣೀರು ಸ್ನಾನ, ಬರಿಗಾಲ ನಡಿಗೆ, ರಾತ್ರಿ ಚಾಪೆಯ ಮೇಲೆ ನಿದ್ದೆ. 41 ದಿನ, ಕೆಲವರು 48 ದಿನ. ಹೆಂಡತಿ ಬೇಡಿಕೊಂಡಾಗ ಆಗದೇ ಇದ್ದದ್ದು, ಡಾಕ್ಟರು ಬೈದಾಗ ಆಗದೇ ಇದ್ದದ್ದು ಆಗಿಬಿಡುತ್ತದೆ.

ಆಮೇಲೆ ಬೆಟ್ಟಕ್ಕೆ ಹೋಗಿ ಬರುತ್ತಾರೆ, ಮಾಲೆ ತೆಗೆಯುತ್ತಾರೆ. ಮಾರನೆಯ ದಿನ, ಎಷ್ಟೋ ಜನರ ವಿಷಯದಲ್ಲಿ ಅವತ್ತೇ ಸಂಜೆ, ಬೀಡಿ ಮತ್ತೆ ಬೆರಳ ಸಂದಿಗೆ ಬಂದಿರುತ್ತದೆ.

ಇದು ಯಾರನ್ನೂ ಹೀಯಾಳಿಸಲು ಹೇಳುವ ಮಾತಲ್ಲ. ನನಗಂತೂ ಇದರಲ್ಲಿ ಕಾಣುವುದು ದೊಡ್ಡ ಭರವಸೆ. ತಂಬಾಕು ಬಿಟ್ಟವರಿಗೆ ಮೊದಲ ಕೆಲವು ದಿನ ತಲೆ ಸಿಡಿತ, ಸಿಡುಕು, ನಿದ್ದೆಗೇಡು ಜಾಸ್ತಿ ಇರುತ್ತವೆ. ಮೂರು ನಾಲ್ಕು ವಾರದಲ್ಲಿ ಅವು ಬಹುಪಾಲು ಇಳಿಯುತ್ತವೆ. ಅಂದರೆ 48 ದಿನ ಬಿಟ್ಟಿದ್ದವನ ಮೈ ಬೀಡಿಯ ಹಿಡಿತದಿಂದ ಹೆಚ್ಚುಕಡಿಮೆ ಹೊರಗೆ ಬಂದಿದೆ. ಮತ್ತೆ ಹಚ್ಚುವಂತೆ ಮಾಡುವುದು ಮೈಯಲ್ಲ. ಕಾಫಿ ಕುಡಿದ ಲೋಟ ಕೆಳಗಿಟ್ಟ ಗಳಿಗೆ, ಗದ್ದೆಯ ಬದುವಿನ ಮೇಲೆ ಕೂತ ಗಳಿಗೆ, ಅಂಗಡಿ ಜಗಲಿಯಲ್ಲಿ ಸಿಕ್ಕ ಗೆಳೆಯ, ಇವು ಕರೆಯುತ್ತವೆ. ಆರೋಗ್ಯಕ್ಕೆ ಅಂತ ಗುರಿ ಇಟ್ಟುಕೊಳ್ಳುವವರು ಈ ಕರೆಯನ್ನು ಮೊದಲು ಗುರುತಿಸಬೇಕು. ಅದನ್ನು ಬಿಟ್ಟು ಬರೀ ಛಲವನ್ನು ನಂಬಿದರೆ ಆ ಛಲ ಯುಗಾದಿಗೆ ಹುಟ್ಟಿ ರಾಮನವಮಿಯ ಹೊತ್ತಿಗೆ ಮುಗಿದಿರುತ್ತದೆ.

ಮಾಲೆ ಹಾಕಿದ ದಿನಗಳಲ್ಲಿ ಏನು ನಡೆಯುತ್ತದೆ ಅಂತ ಹತ್ತಿರದಿಂದ ನೋಡಿ. ಏಳುವ ಹೊತ್ತು ಗೊತ್ತಾಗಿದೆ. ಸಂಜೆ ಭಜನೆಗೆ ಕೂರುವ ಜಾಗ ಗೊತ್ತಾಗಿದೆ. ಮೈಮೇಲಿನ ಬಟ್ಟೆ ಅವನಿಗೂ ಊರಿಗೂ ನೆನಪಿಸುತ್ತಲೇ ಇರುತ್ತದೆ. ಬೀಡಿ ಅಂಗಡಿಯವನೇ ‘ಬೇಡ ಸ್ವಾಮಿ’ ಅನ್ನುತ್ತಾನೆ. ನಿನ್ನೆಯವರೆಗೆ ಏಕವಚನದಲ್ಲಿ ಕೂಗುತ್ತಿದ್ದ ಗೆಳೆಯ ಇವತ್ತು ‘ಸ್ವಾಮಿ’ ಅನ್ನುತ್ತಾನೆ. ಮನೆಯಲ್ಲಿ ಅಡುಗೆ ಅವನಿಗಾಗಿ ಬದಲಾಗುತ್ತದೆ. ಜೊತೆಗೆ ಹತ್ತಿಪ್ಪತ್ತು ಮಂದಿ ಅದೇ ವ್ರತದಲ್ಲಿದ್ದಾರೆ. ಓಂ ಶಕ್ತಿ ಮಾಲೆ ಹಾಕಿ ಕೆಂಪು ಸೀರೆಯುಟ್ಟು ಮೇಲ್‌ಮರುವತ್ತೂರಿಗೆ ಹೊರಡುವ ನಮ್ಮ ಹೆಂಗಸರಲ್ಲೂ ಇದೇ ಕಟ್ಟು. ಇಷ್ಟೆಲ್ಲ ಸುತ್ತ ನಿಂತಿದ್ದಾಗ ಮನಸ್ಸಿನ ಮೇಲೆ ಬೀಳುವ ಭಾರ ಕಡಿಮೆ. ಮಾಲೆ ತೆಗೆದ ದಿನ ಇಷ್ಟೂ ಒಟ್ಟಿಗೆ ಕಳಚಿಕೊಳ್ಳುತ್ತದೆ, ಆ ಜಾಗಕ್ಕೆ ಏನೂ ಬರುವುದಿಲ್ಲ.

ದಿನದಿನದ ಇಂಥ ಕಟ್ಟು ಆರೋಗ್ಯಕ್ಕೆ ಇಷ್ಟು ಮುಖ್ಯವಾದದ್ದು ಈಚೆಗೆ. ಒಂದು ಕಾಲಕ್ಕೆ ಈ ಸೀಮೆಯಲ್ಲಿ ಆರೋಗ್ಯ ಅಂದರೆ ಜ್ವರದಿಂದ ಉಳಿಯುವುದು. ಟಿಪ್ಪು ಬಿದ್ದ ಮೇಲೆ ಶ್ರೀರಂಗಪಟ್ಟಣದಲ್ಲಿ ಬೀಡುಬಿಟ್ಟ ಇಂಗ್ಲಿಷರ ದಂಡು ಅಲ್ಲಿನ ಚಳಿಜ್ವರ ತಾಳಲಾರದೆ 1809ರಲ್ಲಿ ಬೆಂಗಳೂರಿಗೆ ಎದ್ದುಹೋಯಿತು. ಬೆಂಗಳೂರಿನ ದಂಡುಪ್ರದೇಶ ಹುಟ್ಟಿದ್ದು ಹಾಗೆ. ಮುಂದೆ ಕನ್ನಂಬಾಡಿ ಕಟ್ಟೆ ಎದ್ದು, ಈಗ ವಿಶ್ವೇಶ್ವರಯ್ಯ ನಾಲೆ ಅನ್ನುವ ಅಂದಿನ ಇರ್ವಿನ್ ನಾಲೆಯಲ್ಲಿ ನೀರು ಹರಿದಾಗ ಬತ್ತ ಬಂತು, ಕಬ್ಬು ಬಂತು, ಅದರ ಹಿಂದೆ ಸೊಳ್ಳೆಯೂ ಬಂತು. ಅಂಥ ಕಾಯಿಲೆಗಳನ್ನು ಸರ್ಕಾರವೇ ಮುಂದೆ ನಿಂತು ಹಿಮ್ಮೆಟ್ಟಿಸಬಹುದಿತ್ತು. ಔಷಧಿ ಸಿಂಪಡಿಸಿದರು, ಚರಂಡಿ ತೆಗೆಸಿದರು, ಚುಚ್ಚುಮದ್ದು ಹಾಕಿದರು. ಅದರ ಫಲ ನಾವು ಉಂಡಿದ್ದೇವೆ.

ಈಗ ಮನೆ ಮನೆಯಲ್ಲಿರುವುದು ಸಕ್ಕರೆ ಕಾಯಿಲೆ ಮತ್ತು ಬಿ.ಪಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದುದ್ದಕ್ಕೂ ನಡೆದು 2023ರಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಸಕ್ಕರೆ ಕಾಯಿಲೆಯವರು 10 ಕೋಟಿಗೂ ಮೇಲೆ. ಬಾಗಿಲಲ್ಲಿ ನಿಂತವರು, ಅಂದರೆ ಕಾಯಿಲೆಯ ಅಂಚಿಗೆ ಬಂದವರು, ಇನ್ನೂ 13 ಕೋಟಿಗೂ ಹೆಚ್ಚು. ವಯಸ್ಕರಲ್ಲಿ ಮೂರಕ್ಕೊಬ್ಬರಿಗೆ ಅಧಿಕ ರಕ್ತದೊತ್ತಡ. ಇದಕ್ಕೆ ಸಿಂಪಡಿಸುವ ಔಷಧಿ ಇಲ್ಲ. ಮಾತ್ರೆ ಇದೆ, ಆದರೆ ಅದನ್ನು ದಿನವೂ ನುಂಗಬೇಕು. ದಿನವೂ ಮಾಡಬೇಕಾದ್ದೇ ಇದರ ಚಿಕಿತ್ಸೆ.

ನಮ್ಮ ಅಜ್ಜ ಅಜ್ಜಿಯರು ಯಾವ ಗುರಿಯನ್ನೂ ಇಟ್ಟುಕೊಂಡವರಲ್ಲ. ಹೆಂಗಸರು ಕೋಳಿ ಕೂಗುವ ಹೊತ್ತಿಗೆ ರಾಗಿಕಲ್ಲಿನ ಮುಂದೆ ಕೂತು ಬೀಸುತ್ತಿದ್ದರು, ಗಂಡಸರು ಏತ, ಕಪಿಲೆ ಹೂಡಿ ನೀರೆತ್ತುತ್ತಿದ್ದರು. ಸಂತೆಗೂ ಜಾತ್ರೆಗೂ ನಡಿಗೆ. ಮೈ ದಣಿಯುವುದು ಬದುಕಿನ ಒಳಗೇ ಇತ್ತು. ಈಗ ಹಿಟ್ಟಿನ ಗಿರಣಿ ಇದೆ, ಟ್ರ್ಯಾಕ್ಟರ್ ಇದೆ, ಪಂಪ್‌ಸೆಟ್ಟಿನ ಸ್ಟಾರ್ಟರನ್ನು ಮನೆಯಲ್ಲಿ ಕೂತೇ ಮೊಬೈಲಿನಿಂದ ಒತ್ತಬಹುದು. ಅದು ಒಳ್ಳೆಯದೇ. ಆ ಗಾಣದೆತ್ತಿನ ದುಡಿಮೆಗೆ ಯಾರನ್ನೂ ಮತ್ತೆ ಕಟ್ಟಬೇಕಾಗಿಲ್ಲ. ಆದರೆ ದುಡಿಮೆ ಇಳಿದರೂ ಮುದ್ದೆಯ ಗಾತ್ರ ಇಳಿಯಲಿಲ್ಲ, ಲೋಟದ ಕಾಫಿಗೆ ಬೀಳುವ ಸಕ್ಕರೆ ಇಳಿಯಲಿಲ್ಲ. ಹಿಂದೆ ಬದುಕಿನ ಒತ್ತಾಯ ಮಾಡಿಸುತ್ತಿದ್ದ ಕೆಲಸವನ್ನು ಈಗ ನಾವೇ ಬುದ್ಧಿಪೂರ್ವಕ ಆರಿಸಿಕೊಂಡು ಮಾಡಬೇಕಾಗಿದೆ. ಇದು ನಮ್ಮ ತಲೆಮಾರಿಗೆ ಹೊಸದು, ಅದಕ್ಕೇ ಕಷ್ಟ.

ಇಲ್ಲಿ ಎರಡು ಮಾತು ಸ್ಪಷ್ಟವಾಗಿ ಹೇಳಲೇಬೇಕು. ಮೊದಲನೆಯದು ಬೆಲ್ಲ. ಆಲೆಮನೆಗಳ ಸೀಮೆ ನಮ್ಮದು. ‘ಸಕ್ಕರೆ ಬಿಟ್ಟಿದ್ದೀನಿ, ಈಗ ಬೆಲ್ಲದ ಕಾಫಿ’ ಅನ್ನುವವರು ಎಲ್ಲ ಊರಲ್ಲೂ ಸಿಗುತ್ತಾರೆ. ಬೆಲ್ಲವೂ ಬಹುಪಾಲು ಕಬ್ಬಿನ ಸಕ್ಕರೆಯೇ. ರಕ್ತದಲ್ಲಿ ಸಕ್ಕರೆ ಏರಿಸುವುದರಲ್ಲಿ ಅದು ಹಿಂದೆ ಬೀಳುವುದಿಲ್ಲ. ಎರಡನೆಯದು ಮುದ್ದೆ. ಮಂಡ್ಯದ ವಿ.ಸಿ. ಫಾರಂನಲ್ಲಿ ನಮ್ಮ ರಾಗಿಯನ್ನು ಆಫ್ರಿಕಾದ ರಾಗಿಯೊಂದಿಗೆ ಬೆರೆಸಿ ಇಂಡಾಫ್ ತಳಿಗಳನ್ನು ಕೊಟ್ಟ ಲಕ್ಷ್ಮಣಯ್ಯನವರನ್ನು ರೈತರು ರಾಗಿ ಲಕ್ಷ್ಮಣಯ್ಯ ಅಂತಲೇ ಕರೆದರು. ರಾಗಿಯ ಬಗ್ಗೆ ನಮಗೆ ಹೆಮ್ಮೆ ಇರಬೇಕು. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಸುಣ್ಣದಂಶ ಇದೆ, ಬಿಳಿ ಅಕ್ಕಿಗಿಂತ ನಾರು ಹೆಚ್ಚು. ಆದರೆ ಸಕ್ಕರೆ ಕಾಯಿಲೆ ಇದ್ದವರು ಮುದ್ದೆ ಎಷ್ಟು ಬೇಕಾದರೂ ಉಣ್ಣಬಹುದು ಅನ್ನುವುದು ಸುಳ್ಳು. ಹಿಡಿ ಗಾತ್ರದ ಮುದ್ದೆ, ಅದರ ಜೊತೆಗೆ ಬಟ್ಟಲು ತುಂಬ ಸೊಪ್ಪು ಕಾಳಿನ ಬಸ್ಸಾರು, ಹುರುಳಿಕಾಳು ಇದ್ದರೆ ಅದು ಒಳ್ಳೆಯ ಊಟ. ಉಪ್ಸಾರಿನ ಖಾರ, ಉಪ್ಪಿನಕಾಯಿ, ಹಪ್ಪಳ ಮೂರೂ ಒಂದೇ ಎಲೆಯಲ್ಲಿ ಬಿದ್ದರೆ ಉಪ್ಪು ಅಳತೆ ಮೀರುತ್ತದೆ. ದಿನವಿಡೀ ಒಬ್ಬರಿಗೆ ಒಂದು ಸಣ್ಣ ಚಮಚದಷ್ಟು, ಅಂದರೆ 5 ಗ್ರಾಂ ಒಳಗೆ, ಉಪ್ಪು ಸಾಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಗುರಿಯ ಮಾತಿಗೆ ಬರೋಣ. ‘ಇನ್ನು ಮೇಲೆ ಆರೋಗ್ಯ ನೋಡಿಕೊಳ್ಳಬೇಕು’ ಅನ್ನುವುದು ಗುರಿಯಲ್ಲ, ಆಸೆ. ಯಾತಕ್ಕೆ ಅನ್ನುವುದು ಅದರಲ್ಲಿ ಇಲ್ಲ.

ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಹಾಲಿನ ಡೈರಿಯ ಮುಂದೆ ಒಬ್ಬ ತಾಯಿಯ ಜೊತೆ ಮಾತಾಡುತ್ತಾ ನಿಂತಿದ್ದೆ. ಅರವತ್ತು ದಾಟಿದ್ದರು. ಸಕ್ಕರೆಯೂ ಇತ್ತು, ಮಂಡಿ ನೋವೂ ಇತ್ತು. ಕೈಯಲ್ಲಿ ಸ್ಟೀಲು ಕ್ಯಾನು, ಸೆರಗಿನ ತುದಿಯಲ್ಲಿ ಗಂಟು ಹಾಕಿದ ಎಲೆಅಡಿಕೆ. ಮಾತ್ರೆ ಸರಿಯಾಗಿ ತಗೋತೀರಾ ಅವ್ವ ಅಂದೆ. ‘ಗ್ಯಾಪಕನೇ ಇರಾಕಿಲ್ಲ ಕಣಪ್ಪ’ ಅಂದರು. ಡೈರಿಗೆ ಹಾಲು ಹಾಕೋದನ್ನ ಯಾವತ್ತಾದರೂ ಮರೆತಿದ್ದೀರಾ ಅಂದೆ. ನಕ್ಕರು. ‘ಅದೆಂಗ್ ಮರ್ತೋಯ್ತದೆ? ಹಸ ಬುಟ್ಟಾದಾ? ಕೂಗಿ ಎಬ್ಬಿಸ್ತದೆ.’

ಮರೆಯದೆ ಮಾಡುವ ವಿದ್ಯೆಯೆಲ್ಲ ಆ ಮಾತಿನಲ್ಲೇ ಇತ್ತು. ಮಾತ್ರೆಗೆ ಕೂಗುವ ಬಾಯಿ ಇರಲಿಲ್ಲ. ಅವರ ಬೆಳಗನ್ನು ಇಬ್ಬರೂ ಕೂತು ಬಿಡಿಸಿ ನೋಡಿದೆವು. ಹಾಲು ಕರೆಯುವುದು, ಡೈರಿಗೆ ಹೋಗುವುದು, ಸರದಿಯಲ್ಲಿ ನಿಲ್ಲುವುದು, ಹಾಲಿನ ಫ್ಯಾಟು ಡಿಗ್ರಿ ನೋಡಿ ಪುಸ್ತಕದಲ್ಲಿ ಬರೆಸುವುದು, ಮನೆಗೆ ಬಂದು ಕ್ಯಾನು ತೊಳೆದು ಕಟ್ಟೆಯ ಮೇಲೆ ಬೋರಲು ಹಾಕುವುದು, ಆಮೇಲೆ ತಿಂಡಿ. ಡಾಕ್ಟರು ಬರೆದದ್ದು ತಿಂಡಿ ಆದ ಮೇಲಿನ ಮಾತ್ರೆ. ಅದು ದೇವರ ಗೂಡಿನಲ್ಲಿತ್ತು, ಕಣ್ಣಿಗೆ ಬೀಳುತ್ತಿರಲಿಲ್ಲ. ಡಬ್ಬಿಯನ್ನು ತಿಂಡಿ ತಟ್ಟೆ ಇಡುವ ಜಾಗಕ್ಕೆ ತಂದರು. ತಟ್ಟೆ ತೆಗೆಯಬೇಕಾದರೆ ಡಬ್ಬಿ ಕೈಗೆ ತಗಲುತ್ತದೆ.

ನಡಿಗೆಯ ಮಾತು ಬಂದಾಗ ಮೊದಲು ಒಪ್ಪಲಿಲ್ಲ. ಬೀದಿಯಲ್ಲಿ ಕೈ ಬೀಸಿಕೊಂಡು ಸುಮ್ಮನೆ ನಡೆದರೆ ಜನ ಏನಂದಾರು ಅನ್ನುವ ಸಂಕೋಚ. ಏನು ಮಾಡಬೇಕು ಅಂತ ಆಸೆ ಇದೆ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ವೈರಮುಡಿಗೆ ಮೇಲುಕೋಟೆಗೋದ್ರೂ ಕೆಳಗೇ ಕುಂತ್ಕತೀನಿ. ಬೆಟ್ಟ ಹತ್ತಿ ನರಸಿಂಹಸ್ವಾಮಿ ನೋಡಿ ಎಷ್ಟ್ ವರ್ಸಾಯ್ತೋ’ ಅಂದರು. ಅದು ಗುರಿ. ಡಾಕ್ಟರ ಚೀಟಿಯಿಂದ ಬಂದದ್ದಲ್ಲ, ಅವರದೇ. ಡೈರಿಯಿಂದ ಮನೆಗೆ ನೇರ ದಾರಿ ಬಿಟ್ಟು ಮಾರಿಗುಡಿ ಬಳಸಿಕೊಂಡು ಬರುವುದಕ್ಕೆ ಶುರು ಮಾಡಿದರು. ಕೈಯಲ್ಲಿ ಖಾಲಿ ಕ್ಯಾನು ಇರುವುದರಿಂದ ಯಾರೂ ಏನೂ ಕೇಳಲಿಲ್ಲ. ಮುಂದಿನ ವೈರಮುಡಿ ಉತ್ಸವದಲ್ಲಿ ಅರ್ಧ ಬೆಟ್ಟ ಹತ್ತಿ ಕೂತರಂತೆ. ಪೂರ್ತಿ ಹತ್ತಲಾಗಲಿಲ್ಲ ಅಂತ ಬೇಜಾರು ಮಾಡಿಕೊಂಡಿದ್ದರು. ನನಗೆ ಆ ಅರ್ಧ ಬೆಟ್ಟವೇ ಬಹಳ ದೊಡ್ಡದಾಗಿ ಕಂಡಿತು.

ಯಾತಕ್ಕೆ ಅನ್ನುವ ಈ ಪ್ರಶ್ನೆ ಬಂದಾಗ ಕೆ.ಆರ್. ಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನಲ್ಲಿ 1900ರಲ್ಲಿ ಹುಟ್ಟಿದ ಸಾಹಿತಿ ಎ.ಎನ್. ಮೂರ್ತಿರಾಯರು ನೆನಪಾಗುತ್ತಾರೆ. 2003ರವರೆಗೆ ಬದುಕಿದರು. ‘ದೇವರು’ ಪುಸ್ತಕ ಹೊರಬಂದದ್ದು 1991ರಲ್ಲಿ, ಅವರಿಗೆ ತೊಂಬತ್ತು ತುಂಬಿದ ಮೇಲೆ. ನೂರು ವರ್ಷ ಬದುಕಬೇಕು ಅನ್ನುವುದಕ್ಕಿಂತ ತೊಂಬತ್ತರಲ್ಲೂ ಬರೆಯುವ ಕೈ, ವಿಚಾರ ಮಾಡುವ ತಲೆ ಇರಬೇಕು ಅನ್ನುವುದು ಹೆಚ್ಚು ಆಸೆಪಡುವಂಥದ್ದು. ನಿಮಗೆ ಅದು ಮೊಮ್ಮಗಳ ಮದುವೆಯಲ್ಲಿ ನಿಂತು ಧಾರೆ ಎರೆಯುವುದಾಗಿರಬಹುದು, ಇನ್ನೂ ಹತ್ತು ವರ್ಷ ಸ್ವಂತ ಗದ್ದೆಗೆ ನೀರು ತಿರುಗಿಸುವುದಾಗಿರಬಹುದು.

ನೀವು ಈಗ ಕೇಳುತ್ತಿರುವ ಮೈಸೂರು ಆಕಾಶವಾಣಿಯನ್ನು 1935ರಲ್ಲಿ ತಮ್ಮ ಮನೆಯಿಂದ ಶುರು ಮಾಡಿದ ಡಾ. ಎಂ.ವಿ. ಗೋಪಾಲಸ್ವಾಮಿ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಅವರ ಶಾಸ್ತ್ರ ಈಗ ಅಭ್ಯಾಸದ ಬಗ್ಗೆ ಹೇಳುವ ಒಂದು ವಿಷಯ ಈ ನಿಲಯದಿಂದಲೇ ಹೇಳುವುದು ನನಗೆ ಸಂತೋಷ. 21 ದಿನ ಮಾಡಿದರೆ ಯಾವುದೇ ಕೆಲಸ ಅಭ್ಯಾಸವಾಗುತ್ತದೆ ಅನ್ನುವ ಮಾತು ಬಹಳ ಕಡೆ ಓಡಾಡುತ್ತದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಅವರ ಜೊತೆಗಾರರು 96 ಜನರನ್ನು ಇಟ್ಟುಕೊಂಡು ಇದನ್ನು ಅಳೆದು ನೋಡಿ 2010ರಲ್ಲಿ ಪ್ರಕಟಿಸಿದರು. ತಿಂಡಿಯಾದ ಮೇಲೆ ಒಂದು ಲೋಟ ನೀರು ಕುಡಿಯುವಂಥ, ರಾತ್ರಿ ಊಟಕ್ಕೆ ಮುಂಚೆ ಓಡುವಂಥ ಸಣ್ಣ ಕೆಲಸಗಳು. ಯೋಚನೆಯಿಲ್ಲದೆ ತಾನಾಗಿ ಆಗುವ ಹಂತಕ್ಕೆ ಬರಲು ಸುಮಾರು 66 ದಿನ ಬೇಕಾಯಿತು. ಕೆಲವರಿಗೆ 18 ದಿನ ಸಾಕಾಯಿತು, ನಿಧಾನವಾದವರ ಲೆಕ್ಕ 254 ದಿನದವರೆಗೂ ಹೋಯಿತು. ನಡುವೆ ಒಂದು ದಿನ ತಪ್ಪಿದರೆ ಏನೂ ಕೆಡುವುದಿಲ್ಲ ಅನ್ನುವುದೂ ಅದೇ ಅಧ್ಯಯನದಲ್ಲಿ ಕಂಡಿತು.

ಮಾಲೆಯ ದಿನಗಳ ಜೊತೆ ಇಟ್ಟು ನೋಡಿದರೆ ನಮ್ಮ ಎಷ್ಟೋ ಜನ ಅಭ್ಯಾಸ ಕೂಡಿಬರುವ ಸ್ವಲ್ಪ ಮುಂಚೆ ಕೈಬಿಡುತ್ತಿದ್ದಾರೆ. ಇನ್ನೂ ಒಂದು ತೊಡಕಿದೆ. ವ್ರತದಲ್ಲಿ ತಪ್ಪಿದರೆ ದೋಷ. ದಿನಚರಿಯಲ್ಲಿ ಹಾಗಲ್ಲ. ಬೀಗರ ಊಟಕ್ಕೆ ಹೋದ ದಿನ ಬಾಡು ಜಾಸ್ತಿಯಾಯಿತು, ಸಾವಿನ ಮನೆಯಲ್ಲಿ ಮೂರು ದಿನ ನಡಿಗೆ ತಪ್ಪಿತು ಅಂದಾಕ್ಷಣ ‘ಇನ್ನೇನು ಕೆಟ್ಟಿತಲ್ಲ’ ಅಂತ ಪೂರ್ತಿ ಬಿಡುವವರೇ ಹೆಚ್ಚು. ಹೀಗೆ ಕೈಬಿಡುವುದರಿಂದ ಆಗುವ ನಷ್ಟ ಆ ಒಂದು ಊಟದಿಂದ ಆಗುವುದಕ್ಕಿಂತ ಬಹಳ ದೊಡ್ಡದು. ಹಬ್ಬ, ಮದುವೆ, ಸೂತಕ ಬಂದೇ ಬರುತ್ತವೆ. ಅವು ಕಳೆದ ಮೊದಲ ಬೆಳಿಗ್ಗೆ ಏನು ಮಾಡಬೇಕು ಅಂತ ಮೊದಲೇ ತೀರ್ಮಾನ ಮಾಡಿಟ್ಟುಕೊಳ್ಳಿ.

ಹಾಗಾದರೆ ಮಾಲೆ ತೆಗೆಯುವ ದಿನಕ್ಕೂ ಇಂಥದೇ ತಯಾರಿ ಬೇಕು. ವ್ರತದಲ್ಲಿರುವಾಗಲೇ ಗಮನಿಸುತ್ತಾ ಹೋಗಿ. ಬೀಡಿ ನೆನಪಾಗುವುದು ಯಾವಾಗ? ಕರೆಂಟು ಬರಲಿ ಅಂತ ಮೋಟಾರ್ ಮನೆ ಹತ್ತಿರ ಕಾಯುವಾಗಲೇ ಅದು ನೆನಪಾಗುವುದಾದರೆ ಆ ಹೊತ್ತಿಗೆ ಜೇಬಿನಲ್ಲಿ ಹುರಿಗಡಲೆ ಇರಲಿ. ಕಾಫಿಯ ಹಿಂದೆಯೇ ನೆನಪಾದರೆ ಕೆಲವು ದಿನ ಕಾಫಿಯನ್ನು ಅಂಗಡಿಯಲ್ಲಿ ಕುಡಿಯುವುದು ಬಿಟ್ಟು ಮನೆಯಲ್ಲೇ ಕುಡಿಯಿರಿ. ನಸುಕಿನ ಸ್ನಾನವನ್ನು ಬಿಡಬೇಡಿ. ಅದು ಆಗಲೇ ಕೂಡಿಬಂದ ಅಭ್ಯಾಸ, ಅದರ ಹಿಂದೆಯೇ ಅರ್ಧ ಗಂಟೆ ನಡಿಗೆ ಸೇರಿಸಿ. ವಾರಕ್ಕೆ 150 ನಿಮಿಷ ಚುರುಕಾದ ನಡಿಗೆ ಬೇಕು ಅನ್ನುವ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಐದು ದಿನದಲ್ಲಿ ಮುಗಿಯುತ್ತದೆ. ನಾಲೆಯ ಏರಿ ಮೇಲೆ ಮಾತ್ರ ಕತ್ತಲಲ್ಲಿ ನಡೆಯಬೇಡಿ. ಒಟ್ಟಿಗೆ ಬೆಟ್ಟಕ್ಕೆ ಹೋದವರಲ್ಲಿ ಒಬ್ಬರಾದರೂ ಜೊತೆಗಿದ್ದರೆ, ಮಾಲೆಯಿಲ್ಲದೆಯೂ ಒಬ್ಬರನ್ನೊಬ್ಬರು ಕೇಳುತ್ತಿದ್ದರೆ, ಅರ್ಧ ಕೆಲಸ ಆದ ಹಾಗೆ. ತಂಬಾಕು ಬಿಡಲು ನೆರವು ಬೇಕಾದವರಿಗೆ ಉಚಿತ ದೂರವಾಣಿ ಇದೆ: 1800-112-356. ಕುಡಿತ ಜೋರಾಗಿದ್ದವರು ಒಮ್ಮೆಗೇ ಬಿಟ್ಟರೆ ಕೈ ನಡುಕ, ಗಾಬರಿ, ಫಿಟ್ಸ್ ಕೂಡ ಬರಬಹುದು. ಅವರು ಮಾಲೆ ಹಾಕುವ ಮೊದಲೇ ಡಾಕ್ಟರನ್ನು ನೋಡಬೇಕು. ಸಕ್ಕರೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಒಪ್ಪತ್ತು, ಉಪವಾಸ ಹಿಡಿಯುವ ಮುಂಚೆಯೂ ಅಷ್ಟೇ.

ಎಲ್ಲವೂ ನಮ್ಮ ಕೈಯಲ್ಲಿದೆ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ತ್ರೀ ಫೇಸ್ ಕರೆಂಟು ನಡುರಾತ್ರಿ ಬಂದರೆ ನಾಗಮಂಗಲದ ರೈತ ಎದ್ದು ಹೋಗಲೇಬೇಕು, ಅವನಿಗೆ ಎಂಟು ಗಂಟೆ ಒಂದೇ ಸಮ ನಿದ್ದೆ ಮಾಡಪ್ಪ ಅನ್ನುವುದು ಬರೀ ಬಾಯಿಮಾತು. ಹೆಂಗಸರ ವಿಷಯದಲ್ಲಿ ಇದು ಇನ್ನೂ ಕಟುವಾದ ಸತ್ಯ. ಗಂಡ ಮಾಲೆ ಹಾಕಿದರೆ ಮನೆಯೆಲ್ಲ ಅವನ ವ್ರತಕ್ಕೆ ಹೊಂದಿಕೊಳ್ಳುತ್ತದೆ, ಪ್ರತ್ಯೇಕ ಪಾತ್ರೆ, ಪ್ರತ್ಯೇಕ ಅಡುಗೆ. ಅದೇ ಮನೆಯಲ್ಲಿ ಹೆಂಡತಿಗೆ ಸಕ್ಕರೆ ಬಂದರೆ ಅವಳು ಉಳಿದ ಅನ್ನವನ್ನೇ ಉಣ್ಣುತ್ತಾಳೆ, ಎಲ್ಲರೂ ಉಂಡ ಮೇಲೆ, ತಣ್ಣಗಾದ ಮೇಲೆ. ಅವಳಿಗೆ ವಾಕಿಂಗ್ ಮಾಡು ಅಂತ ಹೇಳುವ ಮೊದಲು ಆ ಅರ್ಧ ಗಂಟೆ ಒಲೆಯ ಮುಂದೆ ಯಾರು ನಿಲ್ಲುತ್ತಾರೆ, ಹಸುವಿಗೆ ಹುಲ್ಲು ಯಾರು ಹಾಕುತ್ತಾರೆ ಅಂತ ಮನೆಯವರು ತೀರ್ಮಾನ ಮಾಡಬೇಕು. ಗಂಡಸರೇ, ಮಾಲೆ ಹಾಕಿದಾಗ ನಿಮಗೆ ಸಿಕ್ಕ ಗೌರವವನ್ನು ಅವರ ಮಾತ್ರೆಗೂ ನಡಿಗೆಗೂ ಕೊಡಿ.

ಮೂವತ್ತು ದಾಟಿದ ಎಲ್ಲರಿಗೂ ಬಿ.ಪಿ., ಸಕ್ಕರೆ ತಪಾಸಣೆ ಹತ್ತಿರದ ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ ಉಚಿತ. ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ‘ನಮಗೇನೂ ಇಲ್ಲ’ ಅಂತ ಕಳಿಸಬೇಡಿ. ಬಿ.ಪಿ.ಗೆ ಎಷ್ಟೋ ಸಲ ಯಾವ ಲಕ್ಷಣವೂ ಇರುವುದಿಲ್ಲ. ಹಸುವಿನ ಹಾಲಿನ ಫ್ಯಾಟನ್ನು ಹೊತ್ತು ಹೊತ್ತಿಗೆ ಅಳೆಸುವ ನಾವು, ಆ ಹಾಲನ್ನು ಕರೆದು ತಂದವರ ರಕ್ತದೊತ್ತಡವನ್ನು ವರ್ಷಕ್ಕೊಮ್ಮೆಯೂ ಅಳೆಸುವುದಿಲ್ಲ.

ಇದಕ್ಕೆ ಊರಿನಲ್ಲೇ ಒಂದು ದಾರಿ ಇದೆ. ಮೊದಲು ಹೇಳಿದ ನಾಲ್ಕೂ ತಾಲ್ಲೂಕಿನಲ್ಲಿ ಸ್ತ್ರೀಶಕ್ತಿ ಸಂಘ ಇಲ್ಲದ ಹಳ್ಳಿ ಹುಡುಕುವುದು ಕಷ್ಟ. ವಾರಕ್ಕೊಮ್ಮೆ ಕೂರುತ್ತಾರೆ, ಉಳಿತಾಯ ಕಟ್ಟುತ್ತಾರೆ, ಯಾರು ಕಟ್ಟಿಲ್ಲ ಅಂತ ಎಲ್ಲರ ಎದುರಿಗೇ ಕೇಳುತ್ತಾರೆ. ಅದೇ ಪುಸ್ತಕದಲ್ಲಿ ಇನ್ನೆರಡು ಗೆರೆ ಎಳೆಯಲಿ. ಒಂದರಲ್ಲಿ ಈ ವಾರ ಎಷ್ಟು ದಿನ ನಡೆದೆ, ಇನ್ನೊಂದರಲ್ಲಿ ಮಾತ್ರೆ ಎಷ್ಟು ದಿನ ತಪ್ಪಿತು. ತಪ್ಪಿದ್ದಕ್ಕೆ ದಂಡ ಬೇಡ, ಯಾಕೆ ತಪ್ಪಿತು ಅಂತ ಕೇಳಿದರೆ ಸಾಕು. ಸಂಘದ ಹಣದಲ್ಲಿ ಬಿ.ಪಿ. ನೋಡುವ ಯಂತ್ರ ಒಂದು ಕೊಳ್ಳುವುದು ಯಾವ ಸಂಘಕ್ಕೂ ಭಾರವಲ್ಲ. ಅಳೆಯುವ ಕ್ರಮವನ್ನು ಆಶಾ ಕಾರ್ಯಕರ್ತೆ ಅಥವಾ ಉಪಕೇಂದ್ರದ ಸಿಬ್ಬಂದಿ ಹೇಳಿಕೊಡುತ್ತಾರೆ: ಐದು ನಿಮಿಷ ಸುಮ್ಮನೆ ಕೂತಿರಬೇಕು, ಕಾಲು ನೆಲಕ್ಕೆ ಊರಿರಬೇಕು, ಮಾತಾಡಬಾರದು. ಮೇಲಿನ ಅಂಕಿ 140 ಅಥವಾ ಕೆಳಗಿನ ಅಂಕಿ 90 ಮುಟ್ಟಿದರೆ ಇನ್ನೊಂದು ದಿನ ಮತ್ತೆ ನೋಡಿ, ಆಗಲೂ ಹಾಗೇ ಇದ್ದರೆ ಡಾಕ್ಟರ ಹತ್ತಿರ ಹೋಗಬೇಕು. ಈ ವಾರದ ಸಭೆಗೆ ಹೋಗುವ ತಾಯಂದಿರು ದಯವಿಟ್ಟು ಈ ಮಾತನ್ನು ಅಲ್ಲಿ ಎತ್ತಿ. ಸಂಘಕ್ಕೆ ಬರಲಾಗದ ಅತ್ತೆ, ಅಜ್ಜಿಯರ ಹೆಸರನ್ನೂ ಪುಸ್ತಕದಲ್ಲಿ ಸೇರಿಸಿ.